ಅತಿಥಿಗಳ ಚೆಂಡು

ಗೋಲ್‌ಕೀಪರ್ ಆಗಿ ನಾನು ಹೆಸರು ಮಾಡಿದ್ದು ಬಿಟ್ಟ ಚೆಂಡುಗಳಿಂದ. ಹಿಡಿದವೂ ಇದ್ದವು, ಅವು ಯಾರಿಗೂ ನೆನಪಿಲ್ಲ.

ನಮ್ಮ ಕಡೆ ಫುಟ್‌ಬಾಲ್ ಪಂದ್ಯಾವಳಿ ಶುರು ಮಾಡುವವರು ಮುಖ್ಯ ಅತಿಥಿಗಳು. ದೀಪ ಹಚ್ಚಿ, ಹಾರ ಹಾಕಿಸಿಕೊಂಡು, ಆಟದಿಂದ ಆರೋಗ್ಯ ಎಂದು ಏದುಸಿರು ಬಿಡುತ್ತ ಭಾಷಣ ಮುಗಿಸಿದ ಮೇಲೆ ಅವರನ್ನು ಗೋಲಿನ ಎದುರಿಗೆ ಕರೆತರುತ್ತಾರೆ. ಅವರು ಒಂದು ಚೆಂಡು ಒದೆಯಬೇಕು, ಅದು ಗೋಲಾಗಬೇಕು, ಪೇಪರಿನಲ್ಲಿ ಫೋಟೊ ಬರಬೇಕು. ಕಂಬಗಳ ನಡುವೆ ನಿಂತವನು ಚೆಂಡು ಬಲಕ್ಕೆ ಬಂದರೆ ಎಡಕ್ಕೆ ಹಾರಬೇಕು, ಎಡಕ್ಕೆ ಬಂದರೆ ಬಲಕ್ಕೆ. ಸುಮ್ಮನೆ ನಿಂತುಬಿಟ್ಟರೆ ಅತಿಥಿಗಳಿಗೆ ಅವಮಾನ. ಹಿಡಿದರಂತೂ ಕೇಳಲೇಬೇಡಿ.

ಹರಿಹರದಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಆಡುತ್ತಿದ್ದಾಗ ಈ ಸೇವೆ ನನ್ನ ಪಾಲಿಗೆ ಬಂತು. ಪಂಚೆ ಎತ್ತಿ ಕಟ್ಟಿ ಒದ್ದವರು, ಚಪ್ಪಲಿ ಸಮೇತ ಒದ್ದು ಚಪ್ಪಲಿಯನ್ನೇ ಗೋಲಿಗೆ ಕಳಿಸಿದವರು, ಒದೆಯುವ ಮೊದಲು ಕ್ಯಾಮೆರಾದವನು ಬಂದಿದ್ದಾನೋ ಇಲ್ಲವೋ ಎಂದು ಮೂರು ಸಲ ತಿರುಗಿ ನೋಡಿದವರು, ಎಲ್ಲರನ್ನೂ ಕಂಡಿದ್ದೇನೆ. ಒಬ್ಬರ ಚೆಂಡು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವರೂ ಮೈದಾನ ಸರಿಯಿಲ್ಲ ಎಂದರು. ನಾನು ಮಾತ್ರ ಎಲ್ಲರಿಗೂ ಒಂದೇ ಶ್ರದ್ಧೆಯಿಂದ ಹಾರಿದೆ. ಮೊಣಕೈ ತರಚಿಕೊಂಡು, ಮುಖಕ್ಕೆ ಮಣ್ಣು ಮೆತ್ತಿಕೊಂಡು, ಕೊನೆಗೆ ತಲೆ ಕೊಡವಿ 'ಛೇ' ಎನ್ನುತ್ತಿದ್ದೆ. ಆ 'ಛೇ' ನನ್ನ ಸ್ವಂತ ಕೊಡುಗೆ.

ಮೊಣಕಾಲು ಕೈಕೊಟ್ಟಾಗ ಅನ್ನ ಕೊಟ್ಟದ್ದೂ ಅದೇ ವಿದ್ಯೆ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಕೋಚ್ ಬೇಕಾಗಿತ್ತು. ಸಂದರ್ಶನಕ್ಕೆ ಹೋದರೆ ಎದುರಿಗೆ ಕುಳಿತಿದ್ದ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ಸರ್ಟಿಫಿಕೇಟುಗಳನ್ನು ಬಿಚ್ಚಿ ಸಹ ನೋಡಲಿಲ್ಲ.

"ಹರಿಹರದಾಗ ನಾ ಒದ್ದ ಬಾಲಿಗೆ ಬಿದ್ದೋರು ನೀವೇ ಅಲ್ಲೇನ್ರಿ? ಎಷ್ಟ್ ಜೋರು ಹಾರಿದ್ರಿ! ಆದ್ರೂ ಸಿಗಲಿಲ್ಲ ನೋಡ್ರಿ!"

"ನಿಮ್ಮ ಏಟು ಹಂಗಿತ್ತು ಸಾರ್," ಎಂದೆ. ಕೆಲಸ ಸಿಕ್ಕಿತು.

ಆ ಕೆಲಸವಾದರೂ ವರ್ಷ ವರ್ಷ ಅವರ ಸಹಿಯಿಂದ ಮುಂದುವರಿಯುವಂಥದ್ದು. ಈ ವರ್ಷ ಸಹಿ ಇನ್ನೂ ಬಿದ್ದಿರಲಿಲ್ಲ. ಕೋಚ್ ಯಾಕೆ, ಇರುವ ಪಿ.ಟಿ. ಮೇಷ್ಟ್ರೇ ಸಾಲದೇ ಎಂದು ಯಾರೋ ಮಂಡಳಿಯಲ್ಲಿ ಕೇಳಿದ್ದರಂತೆ. ನನಗೆ ಐವತ್ತೆರಡು. ಬೀಳುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ. ಅಷ್ಟರಲ್ಲಿ ನಮ್ಮ ಮೈದಾನದಲ್ಲೇ ಪಂದ್ಯಾವಳಿ ಬಂತು. ಉದ್ಘಾಟಕರು ಅಧ್ಯಕ್ಷರೇ. ಸಹಿಯಾಗಬೇಕಿದ್ದ ನನ್ನ ಕಾಗದ ಅವರ ಮೇಜಿನ ಮೇಲೇ ಇತ್ತು.

ನಮ್ಮ ಗೋಲ್‌ಕೀಪರ್ ಕುಕ್ಕುವಾಡದ ಹುಡುಗಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾಳೆ, ಮಾತು ಕಡಿಮೆ, ಕೈ ದೊಡ್ಡದು. ಹಿಂದಿನ ದಿನ ಅವಳನ್ನು ಕರೆದು ಪದ್ಧತಿ ವಿವರಿಸಿದೆ.

"ಯಾಕ್ರಿ ಸರ್ ಬಿಡಬೇಕು?"

"ದೊಡ್ಡೋರು. ಹಂಗೇ ನಡಕಂಡು ಬಂದೈತೆ."

"ನಂಗಾಗಲ್ರಿ. ಬಾಲ್ ಬಂದ್ರೆ ಕೈ ತಾನೇ ಹೋಗ್ತೈತೆ."

"ಪ್ರಾಕ್ಟೀಸ್ ಮಾಡಿದ್ರೆ ನಿಲ್ತೈತೆ," ಎಂದು ಒಂದು ಗಂಟೆ ಮೆಲ್ಲಗೆ ಚೆಂಡು ಒದ್ದೆ. ಎಲ್ಲವನ್ನೂ ಹಿಡಿದಳು. ನಾನು ಬೈದೆ. ಚೆಂಡು ಹಿಡಿದದ್ದಕ್ಕೆ ಗೋಲ್‌ಕೀಪರನ್ನು ಬೈದ ಕೋಚ್ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ಅವನ ಕೈಕುಲುಕಬೇಕೆಂದಿದ್ದೇನೆ.

ಮರುದಿನ ಅಧ್ಯಕ್ಷರು ಶಾಲು ತೆಗೆದು ಗುಮಾಸ್ತರ ಕೈಗೆ ಕೊಡುತ್ತಿರುವಾಗ ಹುಡುಗಿ ಗ್ಲೌಸ್ ಬಿಚ್ಚಿ ನನ್ನ ಕೈಗಿಟ್ಟಳು.

"ನೀವೇ ನಿಲ್ರಿ ಸರ್. ನಿಮಗೆ ಬರ್ತೈತಲ್ಲ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ವಾದ ಮಾಡಲು ಹೊತ್ತಿರಲಿಲ್ಲ, ಹೋಗಿ ನಿಂತೆ.

ಅಧ್ಯಕ್ಷರು ಎಂಟು ಹೆಜ್ಜೆ ಓಡಿ ಬಂದು ಒದ್ದರು. ಚೆಂಡು ನನ್ನ ಬಲಕ್ಕೆ ಬಂತು, ಆದರೆ ಕಂಬದ ಹೊರಗೆ. ಪದ್ಧತಿಯಂತೆ ಎಡಕ್ಕೆ ಬಿದ್ದರೆ ಅದು ನೇರ ಪೆಂಡಾಲಿನ ಕಡೆ ಹೋಗುತ್ತದೆ, ಅಧ್ಯಕ್ಷರು ಮುನ್ನೂರು ಜನರೆದುರು ಗುರಿ ತಪ್ಪಿದವರಾಗುತ್ತಾರೆ, ಆ ಚೆಂಡಿನ ಹಿಂದೆಯೇ ನನ್ನ ಕೆಲಸವೂ ಹೋಗುತ್ತದೆ. ನಾನು ಓಡಿದೆ. ಕೆಟ್ಟ ಮೊಣಕಾಲನ್ನೇ ಚಾಚಿ, ಹೊರಗೆ ಹೋಗುತ್ತಿದ್ದ ಚೆಂಡನ್ನು ಎಳೆದು ಗೋಲಿನೊಳಗೆ ತಳ್ಳಿ, ಅದರ ಮೇಲೆ ಬೋರಲು ಬಿದ್ದೆ. ಮೈಕಿನವನು "ಗೋಲ್!" ಎಂದು ಕೂಗಿದ. ಡೊಳ್ಳು ಬಾರಿಸಿದರು. ಗಡಿಬಿಡಿಯಲ್ಲಿ 'ಛೇ' ಎನ್ನುವುದನ್ನು ಮರೆತೆ.

"ಈ ವಯಸ್ಸಿನಾಗೂ ಬಿಡ್ಲಿಲ್ಲ ನೋಡ್ರಿ, ಬಾಳ ಟ್ರೈ ಮಾಡಿದ್ರು!" ಎಂದು ಅಧ್ಯಕ್ಷರು ಬೆನ್ನು ತಟ್ಟಿದರು. ಸೋಮವಾರ ಸಹಿಯಾಯಿತು. ಆ ಸಂಜೆ ತಂಡಕ್ಕೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಹುಡುಗಿ ತನ್ನ ಗ್ಲೌಸಿನ ಮಣ್ಣು ತೊಳೆಯುತ್ತ ನಲ್ಲಿಯ ಹತ್ತಿರವೇ ಇದ್ದಳು.

ಬುಧವಾರ ಅಭ್ಯಾಸಕ್ಕೆ ಬಂದಾಗ ಅವಳೇ ಕೇಳಿದಳು. "ಸರ್, ಬಲಕ್ಕೆ ನೆಲ ಹತ್ತಿ ಬರೋ ಬಾಲಿಗೆ ಹೆಂಗೆ ಬೀಳಬೇಕು, ಒಂದ್ ಸಲ ತೋರಿಸ್ರಿ."

ಕಂಬಗಳ ನಡುವೆ ನಿಂತೆ. ಅವಳ ಜೊತೆಗಾರ್ತಿ ಬಲಕ್ಕೆ ಒದ್ದಳು. ನಾನು ಎಡಕ್ಕೆ ಬಿದ್ದೆ.

ಹುಡುಗಿಯರೆಲ್ಲ ನಕ್ಕರು. ಸರ್ ಅತಿಥಿಗಳಿಗೆ ಗೋಲು ಬಿಡುವ ಪದ್ಧತಿಯನ್ನು ಅಣಕಿಸುತ್ತಿದ್ದಾರೆ ಎಂದುಕೊಂಡರು. ನಾನೂ ನಕ್ಕೆ. ಇನ್ನೊಂದು ಸಲ ಒದೆಯಲು ಹೇಳಿದೆ, ಬಲಕ್ಕೇ ಬರುತ್ತದೆಂದು ಗೊತ್ತಿತ್ತು, ಬಲಕ್ಕೆ ಬಲಕ್ಕೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ. ಮೈ ಎಡಕ್ಕೆ ಹೋಯಿತು. ಈ ಸಲ ತಲೆ ಕೊಡವಿ 'ಛೇ' ಎಂದದ್ದು ನಿಜವಾದ 'ಛೇ'.

ಉಳಿದವರು ಇನ್ನೂ ನಗುತ್ತಿದ್ದರು. ಕುಕ್ಕುವಾಡದ ಹುಡುಗಿ ನಗಲಿಲ್ಲ. ಬಂದು ಕೈಕೊಟ್ಟು ಎಬ್ಬಿಸಿದಳು. ನನಗೆ ಅಷ್ಟು ನಾಚಿಕೆ ಯಾವ ಸೋಲಿನಲ್ಲೂ ಆಗಿರಲಿಲ್ಲ.

"ಇನ್ನೊಂದ್ ಸಲ ನೋಡಣೇನ್ರಿ ಸರ್?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡಮ್ಮ. ನೀನೇ ತೋರ್ಸು," ಎಂದೆ.

ಅವಳು ಬಲಕ್ಕೆ ಬಿದ್ದು ಚೆಂಡನ್ನು ಎದೆಗೆ ಅವಚಿಕೊಂಡಳು. ಎಲ್ಲರೂ ಅವಳನ್ನು ನೋಡಿ ಕಲಿಯಿರಿ ಎಂದು ಹೇಳಿ, ನಾನು ಕಂಬದ ಹೊರಗೆ ನಿಂತು ಸೀಟಿ ಊದಿದೆ.