ಮುಳ್ಳಿಗೆ ಹಚ್ಚಿದ ಬೂದಿ

ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿಯುವಾಗ ತಂಗಿಯ ಅಸ್ಥಿಯ ಮಡಕೆ ನನ್ನ ಕೈಯಲ್ಲಿತ್ತು. ಅದರಿಂದ ತೆಗೆದ ಒಂದು ಬಿಳಿ ಚೂರು ಸೆರಗಿನ ಗಂಟಿನಲ್ಲಿತ್ತು. ಅದೊಂದನ್ನು ನೀರಿಗೆ ಬಿಡಲು ಮನಸ್ಸಿರಲಿಲ್ಲ.

ತಂಗಿಯ ಕೆಲಸವೇ ಮೂಳೆಯದು. ಮೀನಿನ ಮುಳ್ಳನ್ನು ಸುಟ್ಟು ಪುಡಿ ಮಾಡಿ, ಮನುಷ್ಯರ ಮುರಿದ ಮೂಳೆಗೆ ತುಂಬಲು ಬರುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಿದ್ದಳು. ಹೊಸನಗರದ ನಮ್ಮ ಮನೆಗೆ ಲಿಂಗನಮಕ್ಕಿ ಹಿನ್ನೀರಿನ ಮೀನು ಬಂತೆಂದರೆ ಅವಳ ಫೋನು.

"ಮುಳ್ಳು ಬಿಸಾಡ್ಬೇಡ ಅಕ್ಕ."

"ಬೆಕ್ಕಿನ ಅನ್ನಕ್ಕೂ ಕಲ್ಲು ಹಾಕ್ತೀಯಲ್ಲೇ ಮಾರಾಯ್ತಿ!"

ಒಮ್ಮೆ ಕರೆದುಕೊಂಡು ಹೋಗಿ ಪುಡಿ ಪರೀಕ್ಷಿಸುವ ಎಕ್ಸ್‌ಆರ್‌ಡಿ ಯಂತ್ರ ತೋರಿಸಿದಳು. ಬೀರುವಿನಷ್ಟು ದೊಡ್ಡದು. ಪುಡಿಯನ್ನು ಪುಟ್ಟ ತಟ್ಟೆಯ ಗುಳಿಗೆ ತುಂಬಿ, ಗಾಜಿನ ಚೂರಿನಿಂದ ಮಟ್ಟಸವಾಗಿ ಒತ್ತಿ, ಒಳಗಿಟ್ಟು ಬಾಗಿಲು ಹಾಕಿದಳು. ಎಕ್ಸ್‌ರೇ ಆ ಪುಡಿಯೊಳಗಿನ ಅಣುಗಳ ಸಾಲಿಗೆ ತಾಗಿ ಬೇರೆ ಬೇರೆ ಕೋನಕ್ಕೆ ತಿರುಗುತ್ತದಂತೆ. ಯಾವ ಕೋನ ಎಂಬುದರ ಮೇಲೆ ಅದು ಎಂಥ ವಸ್ತು ಎಂದು ತಿಳಿಯುತ್ತದಂತೆ. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ನನಗೆ ತೂಕಡಿಕೆ ಬಂದಂತಾಯಿತು. ಕಂಪ್ಯೂಟರಿನಲ್ಲಿ ಗೆರೆಯೊಂದು ನಿಧಾನವಾಗಿ ಬೆಳೆಯಿತು. ಹಸಿ ಮುಳ್ಳಿನದು ಮಂಜಿನೊಳಗಿನ ಗುಡ್ಡದ ಹಾಗೆ, ಎಲ್ಲಿ ಏರಿತು ಎಲ್ಲಿ ಇಳಿಯಿತು ತಿಳಿಯದು. ಸುಟ್ಟದ್ದು ಸೂಜಿ ನಿಲ್ಲಿಸಿದ ಹಾಗೆ.

"ಸುಟ್ರೆ ಹಾಳಾಗಲ್ಲ ಅಕ್ಕ. ಒಳಗೆಲ್ಲ ಸರಿಯಾಗಿ ಸಾಲು ಹಿಡಿತದೆ."

ನಾನು ಕೊಟ್ಟಿದ್ದ ಹಸಿ ಮುಳ್ಳಿನ ಗೆರೆಯಲ್ಲಿ ಒಂದು ಮೊನೆ ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ನನ್ನ ಕಡೆ ತಿರುಗಿದಳು.

"ಇದಕ್ಕೆ ಎಂತ ಹಚ್ಚಿದ್ದೆ ನೀನು?"

"ಬೂದಿ. ಮೀನು ತೊಳೆಯಕ್ಕೆ ಹಚ್ಚಲ್ವಾ, ಹಾಗೇ. ವಾಸನೆ ಬರ್ಬಾರ್ದು ಅಂತ."

ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. "ನೋಡು, ನಿನ್ನ ಒಲೆನೂ ಬಂದು ಕೂತಿದೆ ಇಲ್ಲಿ!"

ಆ ನಗು ಈಗ ನೀರಿನಡಿಯಿಂದ ಬಂದ ಹಾಗೆ ಕೇಳುತ್ತದೆ.

ಅಸ್ಥಿ ಬಿಡುವ ದಿನ, ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಸಾಗರ ಪೇಟೆಯಿಂದ ತುಂಗೆಯ ದಡಕ್ಕೆ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ತೋರಿಸಿದೆ.

"ಇದನ್ನೊಂದು ಸಲ ಯಂತ್ರಕ್ಕೆ ಹಾಕ್ತೀಯಾ? ಅವಳ ಗೆರೆ ನೋಡ್ಬೇಕು ನಂಗೆ."

ಹುಡುಗಿ ಬಗ್ಗಿ ಆ ಚೂರನ್ನು ನೋಡಿದಳು. "ಹಾಕ್ಬಹುದು ಅಕ್ಕ. ಆದ್ರೆ ನಂದೂ, ನಿಮ್ದೂ, ಮೀನಿಂದೂ ಹೆಚ್ಚುಕಡಿಮೆ ಅದೇ ಗೆರೆ. ಇದು ಅವಳೇ ಅಂತ ಅದು ಹೇಳಲ್ಲ." ಆಮೇಲೆ ಮೆಲ್ಲಗೆ ಅಂದಳು, "ಮೀನಿನ ಮುಳ್ಳಿದ್ರೆ ಕೊಡಿ. ಅವಳ ಕೆಲಸ ಅರ್ಧಕ್ಕೆ ನಿಂತಿದೆ. ನಾನು ಮುಗಿಸ್ತೀನಿ."

ಮಡಕೆಯಲ್ಲಿದ್ದುದನ್ನೆಲ್ಲ ಬಿಟ್ಟ ಮೇಲೆ ಆ ಚೂರನ್ನೂ ಬಿಟ್ಟೆ. ಬೆಳ್ಳಗೆ ಅಲ್ಲಾಡುತ್ತ ಇಳಿಯಿತು. ಮೀನುಗಳು ಬಂದವು, ಮೂತಿ ತಾಗಿಸಿದವು, ಹೋದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅದು ನೆಲ ಮುಟ್ಟಿದ್ದೂ ಕಂಡಿತು.

ಈ ಬೆಳಿಗ್ಗೆ ಹಿನ್ನೀರಿನ ಮೀನು ಬಂತು. ಮುಳ್ಳು ಬಿಡಿಸಿಟ್ಟ ಮೇಲೆ ಕೈ ತಾನಾಗಿ ಒಲೆಯ ಬೂದಿಗೆ ಹೋಯಿತು. ಹಿಂದಕ್ಕೆ ತೆಗೆದೆ. ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಮೊರದಲ್ಲಿ ಹರಡಿ, ಬಿಸಿಲಿಗಿಟ್ಟು, ಬೆಕ್ಕು ಬಾರದ ಹಾಗೆ ಪಕ್ಕದಲ್ಲೇ ಕೂತಿದ್ದೇನೆ.