ನಮ್ಮ ಗಿರಾಕಿಯನ್ನು ನಮಗೇ ಮಾರಿದರು

‘ಇಳಕಲ್ ಸೀರಿ ಬೇಕಂದಿದ್ರಂತಲ್ರಿ?’ ಎಂದು ಫೋನಿನಲ್ಲಿ ಕೇಳಿದ್ದೇ ತಡ, ಆ ಕಡೆಯ ಹೆಣ್ಣುಮಗಳು ಸಿಡಿದೆದ್ದರು. ‘ಮುಂಜಾನಿಂದ ಎಷ್ಟ್ ಮಂದಿ ಫೋನ್ ಮಾಡ್ತೀರಿ? ಈರಣ್ಣನ ಅಂಗಡಿ ನಂಬರ್ ಕೊಡ್ರಿ ಅಂದ್ರ, ಊರ ಮಂದಿಗೆಲ್ಲ ನನ್ನ ನಂಬರ್ ಕೊಟ್ಟಾರ!’

‘ಅಕ್ಕಾರ, ನಾನ ಈರಣ್ಣ’ ಎಂದೆ.

ಹುನಗುಂದದ ಶಾಂತಕ್ಕ ಅವರು. ಅತ್ತೆಯ ಕಾಲದಿಂದ ಅವರ ಮನೆಯ ಮದುವೆ ಸೀರೆಗಳೆಲ್ಲ ನಮ್ಮ ಮಗ್ಗದವೇ. ಅಂಗಡಿಯ ಜಾಗ ಬದಲಾದಾಗ ನನ್ನ ಫೋನ್ ನಂಬರೂ ಬದಲಾಗಿತ್ತು. ಹೊಸದನ್ನು ತಿಳಿಯಲು ಅವರು, ಅಂಗಡಿಗಳ ನಂಬರ್ ಹೇಳುವ ಕಂಪನಿಯೊಂದಕ್ಕೆ ಫೋನ್ ಮಾಡಿದ್ದರು. ಹೊಸ ಗಿರಾಕಿ ಸಿಕ್ಕಾರೆಂದು ತಲೆಗಿಷ್ಟರಂತೆ ನಾನು ದುಡ್ಡು ಕಟ್ಟುತ್ತಿದ್ದದ್ದೂ ಅದೇ ಕಂಪನಿಗೆ. ಅವರು ನನ್ನ ನಂಬರನ್ನು ಶಾಂತಕ್ಕನಿಗೆ ಕೊಡಲಿಲ್ಲ. ಶಾಂತಕ್ಕನ ನಂಬರನ್ನೇ ನನಗೂ, ನಮ್ಮ ಓಣಿಯ ಉಳಿದ ಅಂಗಡಿಗಳಿಗೂ ಮಾರಿದರು.

ಮೈ ಉರಿದುಹೋಯಿತು. ಕಂಪನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ‘ಗಿರಾಕಿ ಸಿಕ್ಕಿದ್ರಲ್ಲ ಸಾರ್, ಇನ್ನೇನು ಪ್ರಾಬ್ಲಮ್ಮು?’ ಎಂದು ಅಲ್ಲಿಯವನು ನಕ್ಕ.

ಅಂದೇ ಆ ಕಂಪನಿಯನ್ನು ಬಿಟ್ಟೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ನನ್ನ ಮದುವೆಗೆ ಬಂದು ಅಕ್ಕಿಕಾಳು ಹಾಕಿದ ಶಾಂತಕ್ಕನನ್ನು ‘ಹೊಸ ಗಿರಾಕಿ’ ಎಂದು ಮಾರಿದರು. ದುಡ್ಡು ಕೊಟ್ಟು ಕೊಂಡವನು ನಾನು.