ಕೊಯ್ದು ನೋಡದ ಕಲ್ಲಣಬೆ

ಮೊನ್ನೆ ಹಾಲಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ತಿರುಗಿದರೆ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕಲ್ಲಣಬೆ ಹರವಿಕೊಂಡು ಕೂತಿದ್ದರು. ಇದು ಕೊಡೆ ಅರಳಿಸುವ ಅಣಬೆಯಲ್ಲ. ಗೋಲಿಯಷ್ಟು ಗಾತ್ರ, ಮೈಯೆಲ್ಲ ಮಣ್ಣು. ಮೊದಲ ಮಳೆಗೆ ಕಾಡಿನ ಭೋಗಿ ಮರಗಳ ಬುಡದಲ್ಲಿ, ನೆಲದೊಳಗೇ ಹುಟ್ಟುತ್ತದೆ. ತಿನ್ನದವರಿಗೆ ರುಚಿ ಹೇಗೆ ಹೇಳಲಿ? ಬ್ರಹ್ಮಾವರದ ಮೀನು ತಿನ್ನುವ ಮನೆಯವನಾದ ನಾನು ಕಾಯಿತುರಿ ಹಾಕಿ ಹುರಿದ ಇದರ ಸುಕ್ಕ ಬಡಿಸಿದ ದಿನ ಮೀನನ್ನು ಕೇಳುವುದಿಲ್ಲ. ಅಷ್ಟು ಸಾಕು.

ಇದನ್ನು ನನಗೆ ತೋರಿಸಿಕೊಟ್ಟವರು ಗಿರಿಜಕ್ಕ. ತೊಂಬತ್ತೇಳರಲ್ಲಿ ಸಿದ್ದಾಪುರದ ಹತ್ತಿರದ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಹೋದಾಗ ನನ್ನ ಬಿಡಾರ ಅವರ ಮನೆಯ ಪಕ್ಕದಲ್ಲೇ ಇತ್ತು. ಶಿಲೀಂಧ್ರದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದರಲ್ಲಿ ನಾನು ಗಟ್ಟಿಗ. ಆದರೆ ಗಿರಿಜಕ್ಕ ಕಾಡಿಗೆ ಕರೆದುಕೊಂಡು ಹೋದರೆ ಒಂದೂ ಕಾಣಿಸಲಿಲ್ಲ.

"ಹ್ವಾಯ್ ಮಾಷ್ಟ್ರೇ, ಕಾಲ್ ತೆಗೀರಿ. ಅದ್ರ್ ಮೇಲೇ ನಿಂತಿದ್ರಿ ಕಾಣಿ!"

ಮಣ್ಣು ಸಣ್ಣಗೆ ಬಿರಿದಲ್ಲಿ ಅವರು ಕೋಲಿನಿಂದ ಒಮ್ಮೆ ಕೆದಕುತ್ತಿದ್ದರು, ಅಣಬೆ ಉರುಳಿ ಬರುತ್ತಿತ್ತು. ಮನೆಗೆ ಬಂದ ಮೇಲೆ ಏಳೆಂಟು ನೀರಿನಲ್ಲಿ ತೊಳೆದು, ಒಂದೊಂದನ್ನೂ ಎರಡು ಹೋಳು ಮಾಡಿ ನೋಡುವುದು. ಒಳಗೆ ಬೆಳ್ಳಗಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ಹೊರಗೆ. ಅವರ ಮನೆಯಿಂದ ಬಂದ ಅಣಬೆಯನ್ನು ಊರಿನಲ್ಲಿ ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಗಿರಿಜಕ್ಕ ಕೊಟ್ಟದ್ದು ಎಂದರೆ ಮುಗಿಯಿತು. ಅಂಥ ಹೆಸರು ನನ್ನ ಡಿಗ್ರಿಗೆ ಎಂದೂ ಬಂದಿಲ್ಲ.

ಮರುವರ್ಷದ ಮಳೆಗಾಲದ ಆರಂಭ. ಬೈಂದೂರಿನಿಂದ ಅವರ ತವರಿನವರು ಕಲ್ಲಣಬೆ ಊಟಕ್ಕೆಂದೇ ಬಂದಿದ್ದರು. ನಾನೂ ಒಂದು ಬೊಗಸೆಯಷ್ಟನ್ನು ಹೆಕ್ಕಿ, ತೊಳೆದು ತಂದಿದ್ದೆ. ಎಂಥ ಉಮೇದು ನೋಡಿ! ಗಿರಿಜಕ್ಕ ತೆಂಗಿನಕಾಯಿ ತರಲು ಆಚೆ ಹೋದಾಗ ಒಲೆ ಮೇಲಿದ್ದ ಪಾತ್ರೆಗೆ ಅದನ್ನು ಸುರಿದುಬಿಟ್ಟೆ. ಅವರು ಬಂದ ಮೇಲೆ ಹೆಮ್ಮೆಯಿಂದ ಹೇಳಿದೆ.

"ಎಲ್ಲಿಂದ ತಂದದ್ದ್?"

"ಶಾಲಿ ಹಿಂದಿನ ಅಕೇಶಿಯಾ ತೋಪಿಂದ."

"ಕೊಯ್ದ್ ಕಂಡ್ರ್ಯಾ?"

ನಾನು ಕೊಯ್ದಿರಲಿಲ್ಲ. ಅವರು ಪಾತ್ರೆಯಿಂದ ಇಡಿಯಾಗಿದ್ದದ್ದೊಂದನ್ನು ತೆಗೆದು ಕತ್ತರಿಸಿದರು. ಒಳಗೆ ಶಾಯಿಯಂಥ ಕಪ್ಪು. ಅದು ಹಳೆಯದಾದ ಕಲ್ಲಣಬೆಯೂ ಅಲ್ಲ, ಅದೇ ಗಾತ್ರದ ಬೇರೆ ಜಾತಿ. ತಿಂದವರು ವಾಂತಿ ಮಾಡಿ ಮಾಡಿ ಸುಸ್ತಾಗುತ್ತಾರಂತೆ. ಗಿರಿಜಕ್ಕ ಇಡೀ ಪಾತ್ರೆಯನ್ನು ಹಿತ್ತಿಲಿಗೆ ಹೊತ್ತು, ಹೊಂಡಕ್ಕೆ ಸುರಿದು, ಕೋಳಿ ಕೆದಕದಂತೆ ಮೇಲೆ ಮಣ್ಣೆಳೆದರು.

ಎಲೆಯ ಮುಂದೆ ಕಾಯುತ್ತಿದ್ದ ತವರಿನವರಿಗೆ ಅವರು ಹೇಳಿದ್ದು ಇಷ್ಟೇ: "ಇವತ್ತ್ ನಂಗೇ ಗುರ್ತ ತಪ್ತ್ ಕಾಣಿ. ಎಲ್ಲ ಚೆಲ್ದೆ. ಹುರುಳಿ ಸಾರಂಗೆ ಉಣ್ಣಿ."

ಪಂಕ್ತಿಯ ಕೊನೆಯಲ್ಲಿ ಕೂತಿದ್ದ ನಾನು ತಲೆ ತಗ್ಗಿಸಿ ಉಂಡೆ. ಸಂಜೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದ್ದಕ್ಕೆ ನಕ್ಕರು. "ನೀವ್ ಪಾಠ ಹೇಳುವರ್. ನಿಮ್ ಮಾತ್ ಮಕ್ಳ್ ನಂಬ್ಕಲ್ದಾ?"

ಗಿರಿಜಕ್ಕನಿಗೆ ಗುರುತು ತಪ್ಪಿತೆಂಬ ಮಾತು ಊರಿಗೆಲ್ಲ ಹಬ್ಬಿತು. ಆ ವರ್ಷ ಅವರು ಕಳಿಸಿದ ಅಣಬೆಯನ್ನು ಅಕ್ಕಪಕ್ಕದವರು ಬೆಳಕಿಗೆ ಹಿಡಿದು ನೋಡಿದರು. ಅದು ಗಿರಿಜಕ್ಕನಿಗೂ ಗೊತ್ತಾಯಿತು. ಆದರೂ ಕಳಿಸುವುದನ್ನು ನಿಲ್ಲಿಸಲಿಲ್ಲ. ನಾನು ಮಾತ್ರ ಬಾಯಿ ಬಿಡಲಿಲ್ಲ. ವರ್ಗವಾಗಿ ಹೋದೆ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಬಿಡಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ಹಾಲಾಡಿಯ ಆ ಹೆಂಗಸು ಒಂದನ್ನು ಕೊಯ್ದು ಬೆಳ್ಳಗಿನ ಒಳಮೈ ತೋರಿಸುತ್ತಾ ಗಿರಾಕಿಗಳಿಗೆ ಹೇಳಿದರು: "ಇದ್ರ್ ಗುರ್ತ ಹಿಡುದ್ ಸುಲ್ಭ ಅಲ್ಲ. ಸಿದ್ದಾಪುರ ಬದಿ ಗಿರಿಜಕ್ಕಂಗೇ ಒಂದ್ಸಲ ತಪ್ಪಿತ್ತಂಬ್ರ್!"

ನನ್ನ ಬಸ್ಸು ಬಂದು ನಿಂತಿತ್ತು. ನಾನು ಹತ್ತಲಿಲ್ಲ.

"ತಪ್ಪಿದ್ದ್ ಅವ್ರಿಗಲ್ಲ, ನಂಗೆ," ಎಂದೆ. ಅಷ್ಟೂ ಜನರ ಎದುರು, ಅಕೇಶಿಯಾ ತೋಪಿನಿಂದ ಹಿತ್ತಿಲ ಹೊಂಡದವರೆಗೆ ಎಲ್ಲವನ್ನೂ ಹೇಳಿದೆ.

ಆಕೆ ಕೊಯ್ದ ಹೋಳುಗಳನ್ನು ಕೆಳಗಿಟ್ಟರು. ಆಮೇಲೆ ಆಗಷ್ಟೇ ಬಂದ ಗಿರಾಕಿಯ ಕಡೆ ತಿರುಗಿದರು.

"ಕೇಂಡ್ರ್ಯಾ? ಗಿರಿಜಕ್ಕಂಗೆ ಗುರ್ತ ತಪ್ಪಲೇ ಇಲ್ಲಂಬ್ರ್."